ಗೂಡು ಹುಡುಕುವ ಕಪ್ಪು ಹದ್ದು

ಪಶ್ಚಿಮ ಘಟ್ಟದ ಕಾಡಿನಲ್ಲಿ ಮರಗಳ ನೆತ್ತಿಯನ್ನು ಜಾಲಾಡಿಯೇ ಹೊಟ್ಟೆ ಹೊರೆಯುವ ಬೇಟೆಹಕ್ಕಿ ಕಪ್ಪು ಹದ್ದು. ಡಚ್ ಪಕ್ಷಿತಜ್ಞ ಟೆಮ್ಮಿಂಕ್ 1822ರಲ್ಲಿ ಇದನ್ನು ಮೊದಲು ವಿವರಿಸಿದ. ಹಿಮಾಲಯದ ತಪ್ಪಲು, ಶ್ರೀಲಂಕಾ, ಆಚೆಗೆ ಇಂಡೊನೇಷ್ಯಾದ ದ್ವೀಪಗಳವರೆಗೂ ಇದರ ನೆಲೆ ಹಬ್ಬಿದೆ.

ಕೊಕ್ಕಿನಿಂದ ಬಾಲದವರೆಗೆ ಸುಮಾರು 70ರಿಂದ 80 ಸೆಂ.ಮೀ. ಉದ್ದ, ರೆಕ್ಕೆ ಬಿಚ್ಚಿದರೆ ಸುಮಾರು ಒಂದೂವರೆಯಿಂದ 1.8 ಮೀಟರ್ ಅಗಲ. ಬೆಳೆದ ಹಕ್ಕಿಯ ಮೈಯೆಲ್ಲ ಕಪ್ಪು, ಪಾದ ಮತ್ತು ಕೊಕ್ಕಿನ ಬುಡ ಮಾತ್ರ ಹಳದಿ. ರೆಕ್ಕೆಗಳು ಬುಡದಲ್ಲಿ ಕಿರಿದಾಗಿ ತುದಿಯತ್ತ ಅಗಲವಾಗುತ್ತವೆ. ಕೊನೆಯ ಗರಿಗಳು ಬಿಡಿಬಿಡಿಯಾಗಿ ಮೇಲಕ್ಕೆ ಬಾಗಿರುತ್ತವೆ.

ಆ ರೆಕ್ಕೆಯೇ ಇದರ ಬಂಡವಾಳ. ಎತ್ತರದಿಂದ ಎರಗುವ ಶೌರ್ಯ ಇದರ ಮುಖ್ಯ ಕಸುಬಲ್ಲ. ಅಂಗಳದಲ್ಲಿ ಕಿವಿಯೋಲೆ ಕಳೆದುಕೊಂಡವರು ಹುಡುಕುವ ಹಾಗೆ, ಎಲೆಗಳಿಗೆ ತಾಗಿತೋ ಎನ್ನುವಷ್ಟು ತಗ್ಗಿನಲ್ಲಿ, ರೆಕ್ಕೆ ಬಡಿಯದೆ ನಿಧಾನವಾಗಿ ತೇಲುತ್ತದೆ. ಇಳಿಜಾರಿನ ಏರಿಳಿತಕ್ಕೆ ತಕ್ಕಂತೆ ತಾನೂ ಏರಿ ಇಳಿಯುತ್ತದೆ. ಹುಡುಕುವುದು ಪರರ ಗೂಡನ್ನು. ಮೊಟ್ಟೆ, ಮರಿ ಎರಡೂ ಆಹಾರವೇ. ಕೆಲವೊಮ್ಮೆ ಗೂಡನ್ನೇ ಇಡಿಯಾಗಿ ಕಿತ್ತೊಯ್ಯುವುದೂ ಉಂಟು. ಪಾದವೂ ಈ ಕೆಲಸಕ್ಕೆ ಹೊಂದುವಂಥದ್ದು: ಉಗುರುಗಳು ಉದ್ದ, ಬಾಗು ಕಡಿಮೆ, ಹೊರಬೆರಳು ಗಿಡ್ಡ. ಕಳ್ಳತನವೆಂದು ಮೂಗು ಮುರಿಯಬಹುದು, ಆದರೆ ಇಷ್ಟು ಸೊಗಸಾದ ಕಳ್ಳ ಘಟ್ಟದಲ್ಲಿ ಬೇರೊಬ್ಬನಿಲ್ಲ. ಅಳಿಲು, ಇತರ ಸಣ್ಣ ಪ್ರಾಣಿಗಳನ್ನೂ ಹಿಡಿಯುತ್ತದೆ. ಇದರ ಕರಿ ಆಕೃತಿ ಕಂಡರೆ ಕೆಂದಳಿಲು ಕೂಗೆಬ್ಬಿಸುತ್ತದೆ.

ಈ ನಿಧಾನದ ಹಕ್ಕಿ ಜೋಡಿ ಕೂಡುವ ಕಾಲದಲ್ಲಿ ಬೇರೆಯೇ ಆಗಿಬಿಡುತ್ತದೆ. ರೆಕ್ಕೆ ಮಡಚಿ ಕಣಿವೆಯೊಳಕ್ಕೆ ಧುಮುಕುತ್ತದೆ. ಇನ್ನೇನು ಬಿತ್ತು ಎನ್ನುವಾಗ ತಿರುಗಿ ನೆಟ್ಟಗೆ ಮೇಲೇರುತ್ತದೆ. ದಕ್ಷಿಣ ಭಾರತದಲ್ಲಿ ಚಳಿ ಇಳಿಯುವ ಹೊತ್ತಿಗೆ, ಕಡಿದಾದ ಕಣಿವೆಯ ಎತ್ತರದ ಮರದಲ್ಲಿ ಕಡ್ಡಿಗಳ ದೊಡ್ಡ ಗೂಡು ಕಟ್ಟುತ್ತದೆ. ಹಳೆಯ ಗೂಡನ್ನೇ ಮತ್ತೆ ಬಳಸುವುದೂ ಇದೆ. ಇಡುವುದು ಒಂದು, ಅಪರೂಪಕ್ಕೆ ಎರಡು ಮೊಟ್ಟೆ. ಎಳೆಯ ಹಕ್ಕಿಯ ತಲೆ, ಎದೆ ಮಾಸಲು ಕಂದು. ಅದರ ಮೇಲೆ ಕಪ್ಪು ಗೀರುಗಳು.

ಕೂತ ಹದ್ದನ್ನು ದಟ್ಟ ಎಲೆಗಳ ನಡುವೆ ಗುರುತಿಸುವುದು ಕಷ್ಟ. ಆಗುಂಬೆಯಲ್ಲೋ ಕುದುರೆಮುಖದಲ್ಲೋ ರಸ್ತೆಯ ಅಂಚಿನಿಂದ ಕಣಿವೆಯನ್ನು ಕೆಳಮುಖವಾಗಿ ನೋಡುವುದೇ ಒಳ್ಳೆಯ ಉಪಾಯ. ಗೂಡು ಕಣ್ಣಿಗೆ ಬಿದ್ದರೆ ಹತ್ತಿರ ಹೋಗಬೇಡಿ, ಜಾಗವನ್ನು ಊರಿಗೆಲ್ಲ ಸಾರಲೂ ಬೇಡಿ.