ಹಳೆಯ ನಾಯಕನಿಗೆ ಹೊಸ ಕಳಂಕ

ಅಮೆರಿಕದಲ್ಲಿ 1966ರಿಂದ 1973ರವರೆಗೆ ದೂರದರ್ಶನದಲ್ಲಿ ಬಂದ ‘ಮಿಷನ್: ಇಂಪಾಸಿಬಲ್’ ಎಂಬ ಗೂಢಚಾರರ ಕಥಾಮಾಲೆಯಲ್ಲಿ ಬಾಹುಬಲಕ್ಕಿಂತ ಬುದ್ಧಿಬಲವೂ, ಒಬ್ಬನ ಸಾಹಸಕ್ಕಿಂತ ತಂಡದ ಒಗ್ಗಟ್ಟೂ ಮೇಲೆನಿಸಿದ್ದವು. ಎರಡನೆಯ ವರ್ಷದಿಂದ ಜಿಮ್ ಫೆಲ್ಪ್ಸನೆಂಬ ಗಂಭೀರ ಪುರುಷನು ಅದರ ನಾಯಕನು. 1996ರಲ್ಲಿ ಬ್ರಯನ್ ಡಿ ಪಾಲ್ಮನು ಅದನ್ನು ಚಲಚ್ಚಿತ್ರವಾಗಿಸಿದಾಗ ತಂಡದ ಬಹುಪಾಲು ಆರಂಭದಲ್ಲಿಯೇ ಹತವಾಯಿತು, ಟಾಮ್ ಕ್ರೂಸನ ಸಾಹಸವೇ ಮೆರೆಯಿತು, ಫೆಲ್ಪ್ಸನೇ ದ್ರೋಹಿಯಾದನು!

ಜೊತೆಯಲ್ಲಿ ನೋಡುತ್ತಿದ್ದ ಮೊಮ್ಮಗನು ಚಪ್ಪಾಳೆ ತಟ್ಟಿದನು. ಬಹುಕಾಲ ಉಪಾಧ್ಯಾಯನಾಗಿದ್ದ ನನ್ನ ಮನಸ್ಸು ಮಾತ್ರ ಕುಗ್ಗಿತು. ಕಾಳಿದಾಸನೂ ಮಹಾಭಾರತದ ಶಕುಂತಲೆಯ ಕಥೆಯನ್ನು ತಿದ್ದಿದನಷ್ಟೆ. ಆದರೆ ಅವನು ದೂರ್ವಾಸರ ಶಾಪವನ್ನು ತಂದುದು ದುಷ್ಯಂತನ ಮಾನವನ್ನುಳಿಸಿತು; ಇವರು ಕ್ಷಣಿಕವಾದ ಬೆರಗಿಗಾಗಿ ಹಿರಿಯನೊಬ್ಬನ ಮಾನವನ್ನೇ ವ್ಯಯಮಾಡಿದರು. ಕಥೆಯನ್ನು ಹೊಸದಾಗಿ ಹೇಳುವವನಿಗೆ ಸ್ವಾತಂತ್ರ್ಯವುಂಟು, ನಿಜ. ಆದರೆ ಬಹುಜನರು ನಂಬಿದ ಪಾತ್ರವು ಅವನ ಕೈಯಲ್ಲಿಟ್ಟ ನ್ಯಾಸವಲ್ಲವೇ?