ಎಷ್ಟು ಸಲ ಆಯ್ತು?

ಬುಧವಾರ, ರಾತ್ರಿ. ಸಿರೋಸಿಸ್ ಆಗಿರುವ ಮಾವ ಎರಡು ದಿನದಿಂದ ಹಗಲೆಲ್ಲ ಮಂಪರು, ರಾತ್ರಿಯೆಲ್ಲ ಎಚ್ಚರ. ನನ್ನನ್ನು ತೀರಿಹೋದ ತಮ್ಮನ ಹೆಸರಿನಿಂದ ಕರೆಯುತ್ತಿದ್ದಾರೆ. ತಲೆಗೆ ಏನಾಯಿತೋ ಎಂದು ನಾನು ಹೆದರಿ ಕೂತಿದ್ದರೆ, ಸಿಸ್ಟರ್ ಬಂದವರೇ ಕೇಳಿದ್ದು: "ಇವತ್ತು ಮೋಷನ್ ಎಷ್ಟು ಸಲ ಆಯ್ತು ಸರ್?"

ಆಗಿಲ್ಲ. ಲೆಕ್ಕ ಹಾಕಿದರೆ ಮೂರು ದಿನದಿಂದ ಆಗಿಲ್ಲ. ಅವರ ಮುಖ ನೋಡಿದರೆ ಉತ್ತರ ಮೊದಲೇ ಗೊತ್ತಿದ್ದಂತಿತ್ತು.

"ತಾತ, ಬಸ್ಸಿಗೆ ಕೈ ಅಡ್ಡ ಹಿಡೀತೀರಲ್ಲ, ಹಾಗೆ ಹಿಡೀರಿ." ಮಾವ ಹಿಡಿದರು. ಅಂಗೈಗಳು ನಿಲ್ಲಲಿಲ್ಲ, ತಟಕ್ಕನೆ ಬೀಳುವುದು, ಏಳುವುದು, ಮತ್ತೆ ಬೀಳುವುದು. ನೂರರಿಂದ ಏಳೇಳು ಕಳೆಯಲು ಹೇಳಿದರು. ಮೂವತ್ತು ವರ್ಷ ಸೊಸೈಟಿಯ ಲೆಕ್ಕ ಬರೆದವರು 93ಕ್ಕೆ ನಿಂತುಬಿಟ್ಟರು.

ಕೊಟ್ಟಿದ್ದು ಲ್ಯಾಕ್ಟುಲೋಸ್. ಪಾಕದಂಥ ಸಿಹಿ ದ್ರವ. ಮಲಬದ್ಧತೆಗೆ ನಮ್ಮತ್ತೆ ಕುಡಿಯುತ್ತಿದ್ದುದೂ ಇದೇ. ಬುದ್ಧಿ ಕಲಕಿದವರಿಗೆ ಭೇದಿ ಔಷಧವೇ?

ಗುರುವಾರ. ಡ್ರಿಪ್ ಬದಲಿಸುತ್ತಲೇ ಸಿಸ್ಟರ್ ವಿವರಿಸಿದರು. ಕರುಳಿನಲ್ಲಿ ಅಮೋನಿಯಾ ಹುಟ್ಟುತ್ತಲೇ ಇರುತ್ತದಂತೆ. ಗಟ್ಟಿಮುಟ್ಟಾದ ಲಿವರ್ ಅದನ್ನು ಯೂರಿಯಾ ಮಾಡಿ ಮೂತ್ರಕ್ಕೆ ಸಾಗಹಾಕುತ್ತದೆ. ಸೋತ ಲಿವರ್ ಬಿಟ್ಟುಬಿಡುತ್ತದೆ. ಆ ಅಮೋನಿಯಾ ರಕ್ತದ ಜೊತೆ ಮೆದುಳಿಗೆ ಹೋಗುತ್ತದೆ. ಅಲ್ಲಿನ ಆಸ್ಟ್ರೋಸೈಟ್ ಕೋಶಗಳು ಅದನ್ನು ಗ್ಲುಟಮಿನ್ ಆಗಿ ಬದಲಿಸಿ, ಆ ಭಾರಕ್ಕೆ ತಾವೇ ಊದಿಕೊಳ್ಳುತ್ತವೆ. ಲ್ಯಾಕ್ಟುಲೋಸ್ ದೊಡ್ಡ ಕರುಳನ್ನು ಹುಳಿಯಾಗಿಸುತ್ತದೆ. ಆ ಹುಳಿಯಲ್ಲಿ ಅಮೋನಿಯಾ ರಕ್ತಕ್ಕೆ ಹತ್ತಲಾರದ ರೂಪ ತಾಳಿ, ಮಲದೊಂದಿಗೆ ಹೊರಬೀಳುತ್ತದೆ. ದಿನಕ್ಕೆ ಎರಡು-ಮೂರು ಸಲ, ಮೆತ್ತಗೆ ಆಗಬೇಕು. ನೀರಿನಂತೆ ಏಳೆಂಟು ಸಲ ಆದರೆ ಮೈ ಒಣಗಿ, ಪೊಟ್ಯಾಸಿಯಂ ಇಳಿದು, ಮತ್ತೆ ಮಂಪರು. ಅದಕ್ಕೇ ಆ ಎಣಿಕೆ.

ನನ್ನ ಎರಡು ತಪ್ಪುಗಳು: ಯಾರೋ ಹೇಳಿದರೆಂದು ಮಾವನಿಗೆ ಬೇಳೆ, ಮೊಟ್ಟೆ ಬಿಡಿಸಿದ್ದೆ. ಸ್ನಾಯು ಕರಗಿದರೆ ಅಮೋನಿಯಾ ಸಂಭಾಳಿಸುವ ಇನ್ನೊಂದು ಜಾಗವೂ ಹೋಯಿತು ಎಂದು ಬೈಸಿಕೊಂಡೆ. ರಾತ್ರಿ ಮಲಗಲೆಂದು ನಿದ್ದೆ ಮಾತ್ರೆ ಕೇಳಿದೆ. ಅದಕ್ಕೆ ಬೈಯಲೂ ಇಲ್ಲ, ಸುಮ್ಮನೆ ನೋಡಿದರು. ಈ ಸ್ಥಿತಿಯಲ್ಲಿ ಅದು ಕೋಮಾಕ್ಕೇ ತಳ್ಳಬಹುದಂತೆ.

ಅದೇ ಸಂಜೆ, ಪಕ್ಕದ ಮಂಚ. ವಾಂತಿಗೆ ಮೆಟೊಕ್ಲೊಪ್ರಮೈಡ್ ಇಂಜೆಕ್ಷನ್ ಪಡೆದ ಹುಡುಗನ ಕತ್ತು ಒಂದು ಕಡೆ ತಿರುಚಿಕೊಂಡಿತು, ಕಣ್ಣು ಮೇಲೆ ಸಿಕ್ಕಿಕೊಂಡಿತು. ಅವನ ತಾಯಿ ದೆವ್ವ ಮೆಟ್ಟಿತೆಂದು ಕಿರುಚಿದರು. ಸಿಸ್ಟರ್ ಡಾಕ್ಟರಿಗೆ ಫೋನಿನಲ್ಲಿ ಒಂದೇ ವಾಕ್ಯ ಹೇಳಿದರು, ಇನ್ನೊಂದು ಇಂಜೆಕ್ಷನ್ ಬಂತು, ಸ್ವಲ್ಪ ಹೊತ್ತಿಗೆ ಹುಡುಗ ನೀರು ಕೇಳಿದ. ಹೊಟ್ಟೆಯ ಔಷಧ ಮೆದುಳಿನ ಡೋಪಮಿನ್‌ಗೆ ಅಡ್ಡ ನಿಂತಿತ್ತು.

ಶನಿವಾರ. ಮಾವ ನನ್ನ ಹೆಸರು ಹಿಡಿದು ಕರೆದು, ಪೇಪರ್ ಎಲ್ಲಿ ಎಂದು ಗದರಿದರು. ನಾನು ಚೀಟಿಯಲ್ಲಿ ಬರೆದುಕೊಂಡೆ: ಬೆಳಗ್ಗೆ ಎರಡು, ಸಂಜೆ ಒಂದು.