ಮನೆಮಾತು, ಊರಮಾತು

"ಸಾಬ್ರೇ, ನೀವು ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ!" ಶಿವಮೊಗ್ಗದ ಮುಸ್ಲಿಮರಿಗೆ ಈ ಮೆಚ್ಚುಗೆ ಹೊಸದಲ್ಲ. ಇದು ನಿಮ್ಮ ಭಾಷೆಯಲ್ಲ ಎಂಬ ಮುಳ್ಳು ಅದರೊಳಗಿದೆ. ಅತ್ತ ಉತ್ತರದ ಉರ್ದು ಬಲ್ಲವರು ನಮ್ಮ ದಖನಿಯ 'ನಕ್ಕೋ', 'ಹೌ' ಕೇಳಿ ನಗುತ್ತಾರೆ.

ಸೋವಿಯತ್ ಒಕ್ಕೂಟದಲ್ಲಿ 'ಜರ್ಮನ್ನರು' ಎನಿಸಿಕೊಂಡಿದ್ದವರು 1990ರ ದಶಕದಲ್ಲಿ ಜರ್ಮನಿಗೆ ಬಂದಾಗ 'ರಷ್ಯನ್ನರು' ಆದರು. ಅವರಾದರೋ ದೇಶ ಬಿಟ್ಟವರು. ನಾವು ಎಲ್ಲಿಗೂ ಹೋಗದೆಯೇ ಎರಡೂ ಕಡೆ ಹೊರಗಿನವರು.

ಭದ್ರಾವತಿಯನ್ನು ನೋಡಿ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾದ ಮೇಲೆ ಕೆಲಸ ಅರಸಿ ತಮಿಳರೂ ತೆಲುಗರೂ ಬಂದು ನೆಲೆಸಿದರು. ಮನೆಯೊಳಗೊಂದು ಮಾತು, ಹೊರಗೆ ಕನ್ನಡ ಎಂಬುದು ಅಲ್ಲಿ ಸಹಜ.

ಎಂಟರ ಹರೆಯದ ಬಾನು ಮುಷ್ತಾಕ್ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿದಾಗ, ಆರು ತಿಂಗಳಲ್ಲಿ ಓದು ಬರಹ ಕಲಿಯಬೇಕೆಂಬ ಷರತ್ತಿತ್ತು. ಕೆಲವೇ ದಿನಗಳಲ್ಲಿ ಬರೆಯತೊಡಗಿದರು. 2025ರಲ್ಲಿ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬುಕರ್ ಬಂತು. 2006ರಲ್ಲಿ ಇದೇ ಊರಿನ ಸಾಹಿತ್ಯ ಸಮ್ಮೇಳನಕ್ಕೆ ನಿಸಾರ್ ಅಹಮದರೇ ಅಧ್ಯಕ್ಷರಾಗಿದ್ದರು.

ಹಾಗೆಂದು ಎಲ್ಲರೂ ಪ್ರಶಸ್ತಿ ತಂದೇ ಕನ್ನಡಿಗರಾಗಬೇಕೇ? ಗಾಂಧಿ ಬಜಾರಿನಲ್ಲಿ ಹಣ್ಣು ಮಾರುವ ಹುಡುಗ ಕನ್ನಡದಲ್ಲಿ ಚೌಕಾಸಿ ಮಾಡುತ್ತಾನೆ, ಮನೆಗೆ ಹೋಗಿ ಅಮ್ಮಿಯೊಡನೆ ದಖನಿಯಲ್ಲಿ ಹರಟುತ್ತಾನೆ. ಎರಡೂ ಅವನವೇ. ಕನ್ನಡವನ್ನು 'ಅವರ ಭಾಷೆ' ಎನ್ನುವ ನಮ್ಮ ಹಿರಿಯರೂ ಇದನ್ನು ಅರಿಯಬೇಕು.